ಲೆಕ್ಕದ ದಫ್ತರವು ಖಾನೆಗಳಲ್ಲಿರಬೇಕೆ, ಕಟ್ಟುಗಳಲ್ಲಿರಬೇಕೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ರೈತ ಉತ್ಪಾದಕ ಕಂಪನಿಗಳೂ ಬೆಳೆಗಾರರ ಸಂಘಗಳೂ ತಮ್ಮ ಲೆಕ್ಕಪತ್ರಗಳನ್ನು ಕಾಗದದ ಪುಸ್ತಕಗಳಿಂದ ಗಣಕಯಂತ್ರಕ್ಕೆ ಏರಿಸುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆಡಳಿತ ಮಂಡಲಿಗಳಲ್ಲಿ ಕುಳಿತು ಇದಕ್ಕೆ ಒಪ್ಪಿಗೆ ಕೊಡತಕ್ಕವರು ಬಹುಮಟ್ಟಿಗೆ ಗ್ರಾಮದ ಮುಖ್ಯಸ್ಥರು ಮತ್ತು ಜಮೀನುದಾರರೇ ಆಗಿರುವರು. ತಂತ್ರಾಂಶವನ್ನು ಮಾರುವವರು ಬಂದು, ದಫ್ತರವು ‘ರಿಲೇಷನಲ್’ ಪದ್ಧತಿಯಲ್ಲಿರಬೇಕೋ ‘ನೋಎಸ್‌ಕ್ಯೂಎಲ್’ ಎಂಬ ಇನ್ನೊಂದು ಪದ್ಧತಿಯಲ್ಲಿರಬೇಕೋ ಎಂದು ಕೇಳಿದರೆ, ಅದು ಯಂತ್ರ ಬಲ್ಲವರ ವಿಷಯವೆಂದು ಹೇಳಿ ರುಜು ಹಾಕಿಬಿಡುವುದುಂಟು. ಹೀಗೆ ಮಾಡತಕ್ಕದ್ದಲ್ಲ. ಇದು ಯಂತ್ರದ ಪ್ರಶ್ನೆಗಿಂತ ಹೆಚ್ಚಾಗಿ ಲೆಕ್ಕ ಬರೆಯುವ ಕ್ರಮದ ಪ್ರಶ್ನೆ. ಆ ಕ್ರಮವನ್ನು ಹಳ್ಳಿಯ ಹಿರಿಯರು ಚೆನ್ನಾಗಿ ಬಲ್ಲರು.

ಪಟೇಲಿಕೆಯೂ ಶಾನುಭೋಗಿಕೆಯೂ 1963ರಲ್ಲಿ ಕೊನೆಗೊಳ್ಳುವವರೆಗೆ, ಶಾನುಭೋಗರು ಜಮೀನಿನ ವಿವರವನ್ನು ಒಂದು ಪುಸ್ತಕದಲ್ಲಿ, ಖಾತೆದಾರರ ವಿವರವನ್ನು ಮತ್ತೊಂದರಲ್ಲಿ, ಕಂದಾಯದ ವಸೂಲಿಯನ್ನು ಬೇರೊಂದರಲ್ಲಿ ಬರೆದಿಡುತ್ತಿದ್ದರು. ಈ ಪುಸ್ತಕಗಳನ್ನು ಒಂದಕ್ಕೊಂದು ಕಟ್ಟುತ್ತಿದ್ದುದು ಸರ್ವೆ ನಂಬರು ಮತ್ತು ಖಾತೆ ನಂಬರುಗಳು. ಒಂದು ಸಂಗತಿಯನ್ನು ಒಂದೇ ಕಡೆ ಬರೆದು, ಬೇಕಾದಾಗ ನಂಬರನ್ನು ಹಿಡಿದು ಹುಡುಕುವ ಈ ಕ್ರಮವೇ ರಿಲೇಷನಲ್ ಪದ್ಧತಿಯ ತಿರುಳು. ಇದಕ್ಕೆ ಬೇರೆಯಾಗಿ, ಒಬ್ಬ ರೈತನಿಗೆ ಸಂಬಂಧಪಟ್ಟ ಅರ್ಜಿ, ರಸೀತಿ, ಚಿತ್ರ, ಕರಾರುಗಳೆಲ್ಲವನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಅವನ ಹೆಸರು ಬರೆದಿಡುವುದು ಕಡತದ ಕ್ರಮ. ನೋಎಸ್‌ಕ್ಯೂಎಲ್ ಎಂಬ ಹೆಸರಿನಲ್ಲಿ ಹಲವು ಬಗೆಗಳಿವೆ. ಸಂಘಗಳ ಮುಂದೆ ಹೆಚ್ಚಾಗಿ ಬರುವ ಬಗೆಯು ಈ ಕಡತದ ಕ್ರಮವನ್ನೇ ಹೋಲುವುದು.

ಖಾನೆಗಳ ಪದ್ಧತಿಯನ್ನು ಗಣಿತಶಾಸ್ತ್ರದ ಆಧಾರದ ಮೇಲೆ ನಿಲ್ಲಿಸಿದವರು ಐ.ಬಿ.ಎಂ. ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸರು. ಅವರ ಲೇಖನವು 1970ರಲ್ಲಿ ಪ್ರಕಟವಾಯಿತು. ಕರ್ನಾಟಕದಲ್ಲಿ ಈ ಪದ್ಧತಿಯ ಫಲವನ್ನು ಪ್ರತಿಯೊಬ್ಬ ಜಮೀನುದಾರರೂ ಕಂಡಿರುವರು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ, ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿ ಕ್ರಯಪತ್ರವು ನೋಂದಣಿಯಾದ ಮೇಲೆ ಅದರ ವಿವರವು ‘ಜೆ’ ಸ್ಲಿಪ್ಪಿನ ರೂಪದಲ್ಲಿ ತಾಲ್ಲೂಕು ಕಛೇರಿಗೆ ಬಂದು, ಖಾತೆಯ ಬದಲಾವಣೆಗೆ ಮೊದಲಾಗುವುದು. ಮಾರಿದವನ ಹೆಸರಿನಿಂದ ಎಷ್ಟು ಗುಂಟೆ ಕಳೆಯಿತೋ ಅಷ್ಟೇ ಗುಂಟೆ ಕೊಂಡವನ ಹೆಸರಿಗೆ ಸೇರತಕ್ಕದ್ದು. ಎರಡೂ ಆಗಬೇಕು, ಇಲ್ಲವೆ ಎರಡೂ ಆಗಬಾರದು. ಈ ಕಟ್ಟುಪಾಡನ್ನು ಗುಮಾಸ್ತೆಯ ಎಚ್ಚರಕ್ಕೆ ಬಿಡದೆ ದಫ್ತರವೇ ನಡೆಯಿಸುವಂತೆ ಮಾಡಬಹುದಾದುದು ಖಾನೆಗಳ ಪದ್ಧತಿಯ ದೊಡ್ಡ ಗುಣ.

ಇನ್ನೊಂದು ಪದ್ಧತಿಯು ಹುಟ್ಟಿದ್ದು ಬೇರೆ ಅಗತ್ಯದಿಂದ. ಲೋಕದ ನಾನಾ ಕಡೆಯ ಕೋಟ್ಯಂತರ ಗಿರಾಕಿಗಳ ವಿವರವನ್ನು ಸಾವಿರಾರು ಯಂತ್ರಗಳಲ್ಲಿ ಹರಡಿ ಇಡಬೇಕಾಗಿ ಬಂದ ಗೂಗಲ್ ಮತ್ತು ಅಮೆಜಾನ್ ಕಂಪನಿಗಳು ತಮ್ಮ ಹೊಸ ವಿಧಾನಗಳನ್ನು ಕ್ರಮವಾಗಿ 2006 ಮತ್ತು 2007ರಲ್ಲಿ ಪ್ರಕಟಿಸಿದುವು. ಅಂಥವರಿಗೆ ಅದು ಅನಿವಾರ್ಯವಾಗಿತ್ತು. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಸಂಘವೊಂದರಲ್ಲಿ 1,000 ಸದಸ್ಯರಿರುವರೆಂದೂ ಒಬ್ಬೊಬ್ಬರು ವರ್ಷಕ್ಕೆ 10 ಲಾಟು ಗೂಡು ಮಾರುವರೆಂದೂ ಭಾವಿಸಿದರೆ, 10 ವರ್ಷಗಳಿಗೆ 1 ಲಕ್ಷ ಸಾಲುಗಳಾಗುವುವು. ಮೇಜಿನ ಮೇಲಿಡುವ ಸಾಮಾನ್ಯ ಯಂತ್ರಕ್ಕೆ ಇದು ಹೊರೆಯೇ ಅಲ್ಲ. ಒಂದು ಎಕರೆ ಹಿಪ್ಪುನೇರಳೆಯ ಸೊಪ್ಪನ್ನು ಸಾಗಿಸಲು ಯಾರೂ ರೈಲುಗಾಡಿಯನ್ನು ಗೊತ್ತುಮಾಡುವುದಿಲ್ಲವಷ್ಟೆ.

ಮಾರುವವರು ಹೇಳುವ ಎರಡನೆಯ ಅನುಕೂಲವೆಂದರೆ, ಕಟ್ಟಿನ ಪದ್ಧತಿಯಲ್ಲಿ ಮುಂಚಿತವಾಗಿ ನಮೂನೆಯನ್ನು ಗೊತ್ತುಮಾಡಬೇಕಾದುದಿಲ್ಲ, ಈ ದಿನವೇ ಬರೆಯತೊಡಗಬಹುದು ಎಂಬುದು. ಮಾತು ನಿಜ, ಅಪಾಯವಿರುವುದೂ ಅಲ್ಲಿಯೇ. ನಮೂನೆಯಿಲ್ಲದೆ ಬರೆದಾಗ ಒಬ್ಬ ಗುಮಾಸ್ತೆಯು ‘45/2ಎ’ ಎಂದೂ ಮತ್ತೊಬ್ಬನು ‘45-2-ಎ’ ಎಂದೂ ಮೂರನೆಯವನು ಹಿಸ್ಸಾವನ್ನೇ ಬಿಟ್ಟು ‘45’ ಎಂದೂ ಬರೆಯುವನು. ಮನುಷ್ಯನಿಗೆ ಇದು ಒಂದೇ ಹೊಲವೆಂದು ತಿಳಿಯುವುದು, ಯಂತ್ರಕ್ಕೆ ಮೂರು ಹೊಲ. ಬೆಳೆ ವಿಮೆಯ ಅರ್ಜಿಯಲ್ಲಿ ಬರೆದ ಬೆಳೆಗೂ ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ದಾಖಲಾದ ಬೆಳೆಗೂ ಹೊಂದಿಕೆಯಿಲ್ಲದಿದ್ದರೆ ಪರಿಹಾರವು ನಿಂತುಹೋಗುವುದೂ ಅರ್ಜಿಯು ತಿರಸ್ಕೃತವಾಗುವುದೂ ಉಂಟೆಂಬುದನ್ನು ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಸೀಮೆಯ ರೈತರು ಬಲ್ಲರು. ಸದಸ್ಯರ ಪರವಾಗಿ ಅರ್ಜಿ ತುಂಬಿಸುವ ಸಂಘದ ದಫ್ತರದಲ್ಲಿಯೇ ನಂಬರು ಚದರಿಹೋಗಿದ್ದರೆ, ಒಣಗಿದ ನೆಲಗಡಲೆಯ ಹಣವನ್ನು ಕೇಳುವುದಕ್ಕೆ ಆ ರೈತನಿಗೆ ಆಧಾರವೇನು ಉಳಿಯಿತು? ಕಟ್ಟಿನ ಪದ್ಧತಿಯಲ್ಲಿಯೂ ಈಗ ನಿಬಂಧನೆಗಳನ್ನು ಹಾಕಬಹುದು. ಮೊಂಗೋಡಿಬಿ ಎಂಬ ಪ್ರಸಿದ್ಧ ತಂತ್ರಾಂಶದಲ್ಲಿ ಹಲವು ಕಟ್ಟುಗಳ ಬದಲಾವಣೆಯನ್ನು ಒಟ್ಟಿಗೆ ನಡೆಯಿಸುವ ಅನುಕೂಲವು 2018ರಿಂದ ಇದೆ. ಆದರೆ ಹಾಕಬಹುದಾದ ನಿಬಂಧನೆಯನ್ನು ಅವಸರದಲ್ಲಿರುವವರು ಹಾಕದೆಯೇ ಬಿಡುವರು.

ಅಕ್ಕಡಿ ಸಾಲಿನ ಆಕ್ಷೇಪಣೆಯೊಂದುಂಟು. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಸಾಲು ಬಿಟ್ಟು ಹಾಕುವ ರೈತನಿಗೆ ‘ಬೆಳೆ’ ಎಂಬ ಒಂದೇ ಖಾನೆಯ ನಮೂನೆಯು ಸಾಲದು, ಆದಕಾರಣ ಖಾನೆಗಳ ಪದ್ಧತಿಯೇ ಬೇಡವೆಂದು ಕೆಲವರು ವಾದಿಸುವರು. ಇದು ನಮೂನೆ ಬರೆದವನ ದೋಷವೇ ಹೊರತು ಪದ್ಧತಿಯದಲ್ಲ. ಬೆಳೆಗಳಿಗೆ ಪ್ರತ್ಯೇಕವಾದ ಪಟ್ಟಿಯನ್ನಿಟ್ಟು, ಒಂದೊಂದು ಬೆಳೆಗೂ ಒಂದೊಂದು ಸಾಲು ಬರೆದು, ಸಾಲಿನ ಮೊದಲಲ್ಲಿ ಹೊಲದ ನಂಬರನ್ನೂ ಹಂಗಾಮನ್ನೂ ಕಾಣಿಸಿದರೆ ಐದು ಬೆಳೆಯಾದರೂ ಹತ್ತು ಬೆಳೆಯಾದರೂ ಸಮನಾಗಿ ಹಿಡಿಸುವುದು. ಜಂಟಿ ಖಾತೆಯ ಅಣ್ಣತಮ್ಮಂದಿರಿಗೂ ಇದೇ ಕ್ರಮ.

ಚಿಕ್ಕಬಳ್ಳಾಪುರವು ಕೋಲಾರ ಜಿಲ್ಲೆಯಿಂದ ಬೇರೆಯಾಗಿ 2007ರಲ್ಲಿ ತಾನೇ ಜಿಲ್ಲೆಯಾಯಿತು. ಗ್ರಾಮಗಳ ಪಟ್ಟಿ, ತಾಲ್ಲೂಕುಗಳ ಪಟ್ಟಿ ಎಂದು ಬೇರೆ ಬೇರೆ ಇಟ್ಟಿದ್ದವರು ತಾಲ್ಲೂಕಿಗೊಂದರಂತೆ ಕೆಲವು ಸಾಲುಗಳನ್ನು ತಿದ್ದಿದರೆ ಸಾಕು. ಪ್ರತಿಯೊಬ್ಬ ರೈತನ ಕಟ್ಟಿನೊಳಗೂ ‘ಕೋಲಾರ ಜಿಲ್ಲೆ’ ಎಂದು ಬರೆದಿಟ್ಟಿದ್ದವರು ಎಲ್ಲ ಕಟ್ಟುಗಳನ್ನೂ ಬಿಚ್ಚಬೇಕು. ಬಿಟ್ಟುಹೋದ ಕಟ್ಟಿನ ರೈತನು ಯಾವ ಜಿಲ್ಲೆಯ ಲೆಕ್ಕಕ್ಕೂ ಸಿಕ್ಕುವುದಿಲ್ಲ.

ಹಾಗೆಂದು ಕಟ್ಟಿನ ಪದ್ಧತಿಯನ್ನು ಹಳಿಯಬೇಕಾದುದಿಲ್ಲ. ದ್ರಾಕ್ಷಿಯನ್ನು ಕೊಳ್ಳುವ ವರ್ತಕರಲ್ಲಿ ಒಬ್ಬರು ಸಿಂಪಡಣೆಯ ದಿನಾಂಕಗಳನ್ನಷ್ಟೇ ಕೇಳಿದರೆ ಮತ್ತೊಬ್ಬರು ಔಷಧದ ಹೆಸರು, ಪ್ರಮಾಣ, ಪರೀಕ್ಷಾಲಯದ ವರದಿ, ತೋಟದ ಚಿತ್ರಗಳನ್ನೆಲ್ಲ ಕೇಳುವರು. ಇವಕ್ಕೆ ಒಂದೇ ನಮೂನೆ ಹೊಂದದು. ಇಂಥ ಕಾಗದಗಳಿಗೆ ಕಟ್ಟೇ ಸರಿಯಾದುದು. ಮಳೆ ಮಾಪನ ಯಂತ್ರವು 15 ನಿಮಿಷಕ್ಕೊಮ್ಮೆ ಅಳತೆ ಕಳುಹಿಸಿದರೆ ದಿನಕ್ಕೆ 96, ವರ್ಷಕ್ಕೆ 35,040 ಅಂಕೆಗಳಾಗುವುವು. ಇಡೀ ರಾಜ್ಯದ ಯಂತ್ರಗಳ ಅಂಕೆಗಳನ್ನು ಕೂಡಿಡುವ ಸಂಸ್ಥೆಯವರು ಬೇರೆ ಪದ್ಧತಿಯನ್ನು ವಿಚಾರ ಮಾಡುವುದು ನ್ಯಾಯವೇ. ಗೌರಿಬಿದನೂರಿನ ಮೆಕ್ಕೆಜೋಳದ ಸಂಘಕ್ಕೆ ಆ ವಿಚಾರ ಬೇಡ.

ಹೀಗಿರುವಲ್ಲಿ ಸಂಘಗಳು ಹಿಡಿಯತಕ್ಕ ಮಾರ್ಗವಾವುದೆಂದರೆ, ಸದಸ್ಯ, ಜಮೀನು, ಬೆಳೆ, ತೂಕ, ಹಣ ಇವುಗಳನ್ನು ಖಾನೆಗಳ ಪದ್ಧತಿಯಲ್ಲಿಯೇ ಇಡುವುದು. ನಮೂನೆಗೆ ಸಿಕ್ಕದ ಕಾಗದಗಳಿಗೆ ಅದೇ ದಫ್ತರದೊಳಗೆ ಒಂದು ಕಟ್ಟಿನ ಖಾನೆಯನ್ನು ಬಿಡುವುದು. ಕ್ರಯವಿಲ್ಲದೆ ದೊರೆಯುವ ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದಲ್ಲಿ ಇಂಥ ಖಾನೆಯನ್ನು ಹುಡುಕಲು ಅನುಕೂಲವಾಗುವ ರೂಪದಲ್ಲಿ ಇಡುವ ಏರ್ಪಾಡು 2014ರಿಂದ ಇರುವುದು. ಆದುದರಿಂದ ಎರಡು ಯಂತ್ರ, ಎರಡು ಕರಾರು, ಎರಡು ವೆಚ್ಚಗಳ ಮಾತೇ ಏಳುವುದಿಲ್ಲ.

ಕರಾರಿಗೆ ರುಜು ಹಾಕುವ ಮುಂಚೆ ಮಂಡಲಿಯವರು ಮಾರುವವರನ್ನು ಎದುರಿಗೆ ಕೂರಿಸಿಕೊಂಡು, ಮೂವರು ಅಣ್ಣತಮ್ಮಂದಿರ ಜಂಟಿ ಖಾತೆಯೊಂದನ್ನು ಬರೆಯಿಸಿ ನೋಡತಕ್ಕದ್ದು. ಅವರಲ್ಲೊಬ್ಬನ ಪಾಲು ಪೋಡಿಯಾಗಿ ಹೊಸ ಹಿಸ್ಸಾ ನಂಬರು ಬಂದಿತೆಂದು ತಿದ್ದಿಸತಕ್ಕದ್ದು. ಪಟ್ಟಿಯಲ್ಲಿಲ್ಲದ ಸದಸ್ಯನ ಹೆಸರಿಗೆ ಹಣ ಪಾವತಿ ಬರೆಯಲು ಹೇಳಿ, ಯಂತ್ರವು ನಿರಾಕರಿಸುವುದೋ ಇಲ್ಲವೋ ಎಂಬುದನ್ನು ಕಣ್ಣಾರೆ ಕಾಣತಕ್ಕದ್ದು. ದಫ್ತರದ ಪೂರ್ಣ ನಕಲು ಕರಾರು ಮುಗಿದ ಮೇಲೆಯೂ ಸಂಘದ ಕೈಯಲ್ಲಿಯೇ ಉಳಿಯುವುದೆಂದು ಬರೆಯಿಸಿಕೊಳ್ಳತಕ್ಕದ್ದು. ಸುಗ್ಗಿ ಮುಗಿದು ಮುಂಗಾರು ಬರುವುದರೊಳಗಿನ ಬಿಡುವಿನಲ್ಲಿ ಈ ಕೆಲಸವನ್ನು ಮೊದಲುಮಾಡಿದರೆ ಸದಸ್ಯರು ಪಹಣಿ ಪ್ರತಿಗಳನ್ನು ತಂದು ತಮ್ಮ ನಂಬರುಗಳನ್ನು ಸರಿನೋಡಲು ಅವಕಾಶವಾಗುವುದು. ಮೊದಲನೆಯ ಹಂಗಾಮು ಪೂರ್ತಿಯಾಗುವವರೆಗೆ ಕೈಬರಹದ ಪುಸ್ತಕವನ್ನೂ ಜೊತೆಯಲ್ಲಿ ಬರೆಯುತ್ತಿರಬೇಕು.