ಖಳನಿಗೆ ಕೋರೆಹಲ್ಲೇ ಬೇಕೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರಿಗೆ ಕಾಡಿನ ಖಳ ಎಂದರೆ ಮನುಷ್ಯರ ಮೇಲೆ ಮುನಿದ ಮಾಂತ್ರಿಕ. ನನಗದು ಒಪ್ಪಿಗೆಯಿಲ್ಲ. ಅವನನ್ನು ಕೊಂದರೆ ಗೆಲ್ಲುವುದು ಕೊಡಲಿಯವರೇ ತಾನೆ?

ಗೆಳೆಯರಿಗೆ ಕಥೆ ನಡೆಸುವ ನಾನು ಆರಿಸಿಕೊಂಡ ಖಳ ಲಂಟಾನ. 19ನೇ ಶತಮಾನದಲ್ಲಿ ಬ್ರಿಟಿಷರು ಅಂದಕ್ಕೆಂದು ತಂದ ಅಮೆರಿಕ ಮೂಲದ ಈ ಹೂಗಿಡ ಇಂದು ಬಂಡೀಪುರದಲ್ಲಿ ಜಿಂಕೆಗಳ ಹುಲ್ಲನ್ನು ನುಂಗುತ್ತಿದೆ. ಆಟದಲ್ಲಿ ಅದು ರಾಣಿಯ ತೋಟಕ್ಕೆ ಬಂದ ಉಡುಗೊರೆ. ಕಡಿದರೆ ಬುಡದಿಂದ ಚಿಗುರುತ್ತದೆ, ಸುಟ್ಟರೂ ಅಷ್ಟೇ. ನಮ್ಮ ಮಂತ್ರವಾದಿಯ ಬೆಂಕಿಯುಂಡೆ (ಅವನಿಗೆ ಗೊತ್ತಿರುವುದೇ ಅದೊಂದು!) ಕೆಲಸಕ್ಕೆ ಬಾರದು. ಬೇರುಸಹಿತ ಕೀಳಬೇಕು, ಅದೂ ವರ್ಷಗಟ್ಟಲೆ. ಅಷ್ಟರಲ್ಲಿ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಇನ್ನೆಲ್ಲಿಗೋ ಒಯ್ದಿರುತ್ತವೆ. ಹಾಗಾದರೆ ಹಕ್ಕಿಗಳನ್ನೇ ಕೊಲ್ಲಬೇಕೆ? ಇಂಥ ಪ್ರಶ್ನೆಯನ್ನು ಯಾವ ಡ್ರ್ಯಾಗನ್ನೂ ನಮ್ಮ ಮುಂದಿಟ್ಟಿರಲಿಲ್ಲ.