ಡಾಕ್ಟರೇಟಿಗೂ ಹಸಿವಿದೆ!

ಗೆಳೆಯರೇ, ಪಿಎಚ್.ಡಿ. ಮುಗಿಸಿ ಪೋಸ್ಟ್‌ಡಾಕ್ ಆಗಲು ಅಮೆರಿಕಾ ವಿಮಾನ ಹತ್ತುವ ತವಕವೇ? ಸಂತೋಷ! ಆದರೆ ಡಾಲರನ್ನು ರೂಪಾಯಿಗೆ ಗುಣಿಸಿ ಹಿಗ್ಗಬೇಡಿ. ಮನೆ ಬಾಡಿಗೆಯೂ ಡಾಲರಿನಲ್ಲೇ!

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಸಂಶೋಧಕರು, ಬೋಧನಾ ಸಹಾಯಕರು 2022ರ ನವೆಂಬರ್ 14ರಂದು ಬೀದಿಗಿಳಿದದ್ದೇಕೆ? ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದೇನು ಎಂಬುದೇ ಅವರ ಕೂಗು. ನೊಬೆಲ್ ಪಡೆದವರ ಪ್ರಯೋಗಾಲಯವೇ ಇರಲಿ, ಅಲ್ಲಿ ದುಡಿಯುವ ಕೈ ಇವರದೇ ತಾನೇ? ವಾರಗಟ್ಟಲೆ ಮುಷ್ಕರ ನಡೆಯಿತು. ಪೋಸ್ಟ್‌ಡಾಕ್‌ಗಳ ಸಂಬಳ ಏರಿತು. ಮಗು ಹುಟ್ಟಿದರೆ ಪೂರ್ಣ ಸಂಬಳದ 8 ವಾರ ರಜೆಯೂ ದಕ್ಕಿತು. ಯಾರೂ ಕರೆದು ಕೊಟ್ಟದ್ದಲ್ಲ!

ವೀಸಾ ಆ ಕೆಲಸಕ್ಕೇ ತಗುಲಿಕೊಂಡಿರುವ ಹೊರನಾಡಿನವರು ಬಾಯಿ ಬಿಡಲು ಅಂಜುತ್ತಾರೆ. (ಮೇಲಿನವರಿಗೂ ಅದು ಚೆನ್ನಾಗಿ ಗೊತ್ತು!) ಆದ್ದರಿಂದ ಸಹಿ ಹಾಕುವ ಮುನ್ನವೇ ಕೇಳಿ: ಇದು ನೌಕರಿಯೋ, ಬರೀ ಫೆಲೋಶಿಪ್ಪೋ? ಆರೋಗ್ಯ ವಿಮೆ ಸಂಸಾರಕ್ಕೂ ಉಂಟೇ? ಅಲ್ಲಿ ಕಾರ್ಮಿಕ ಸಂಘ ಇದೆಯೇ?