ತಂತ್ರಜ್ಞಾನದ ತೇರು: ಎಳೆಯುವವರು ಯಾರು, ಏರುವವರು ಯಾರು?

ಊರ ಜಾತ್ರೆಗೆ ಒಂದು ಧರ್ಮವಿದೆ. ತೇರಿನ ಹಗ್ಗ ಹಿಡಿದವನಿಗೂ ಪ್ರಸಾದ ಸಿಗುತ್ತದೆ. ಮಂಡಕ್ಕಿ ಅಂಗಡಿ ಹಾಕಿದವನಿಗೂ ನಾಲ್ಕು ಕಾಸು ಗಿಟ್ಟುತ್ತದೆ. ಬೆಂಗಳೂರಿನಲ್ಲಿ ಸರಕಾರವೇ ಮುಂದೆ ನಿಂತು ವರ್ಷಕ್ಕೊಮ್ಮೆ ನಡೆಸುವ ತಂತ್ರಜ್ಞಾನದ ಜಾತ್ರೆಗೆ ಮಾತ್ರ ಈ ಧರ್ಮ ಇದ್ದಂತಿಲ್ಲ. 2025ರ ನವೆಂಬರ್ 18ರಿಂದ 20ರ ವರೆಗೆ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಅದು ನಡೆಯಿತು. ಮಂತ್ರಿಗಳು ಬಂದರು, ಕಂಪನಿಗಳ ಒಡೆಯರು ಬಂದರು, ಪರದೇಶದ ಪ್ರತಿನಿಧಿಗಳು ಬಂದರು. ದುಡಿಯುವವನ ಪರವಾಗಿ ಬಂದವರು ಯಾರು? ಅಂಗಡಿಕಾರನ ಪರವಾಗಿ ಮಾತನಾಡಿದವರು ಯಾರು?

ಮೇಳ ಹೊಸದಲ್ಲ. 1998ರಲ್ಲಿ ‘ಬೆಂಗಳೂರು ಐಟಿ.ಕಾಂ’ ಎಂದು ಹುಟ್ಟಿ, 2017ರಿಂದ ‘ಬೆಂಗಳೂರು ಟೆಕ್ ಸಮ್ಮಿಟ್’ ಎನಿಸಿಕೊಂಡಿದೆ. ಅದು ಹುಟ್ಟಿದಾಗ ಮುಖ್ಯಮಂತ್ರಿಯಾಗಿದ್ದವರು ಜೆ. ಎಚ್. ಪಟೇಲರು. ಸಮಾಜವಾದಿ ಗರಡಿಯಲ್ಲಿ ಪಳಗಿದವರು, ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿದವರು. ಆದ್ದರಿಂದ ಮೇಳವೇ ಪಾಪವೆಂದು ನಾವು ಹೇಳುವುದಿಲ್ಲ. ನಾವು ಯಂತ್ರದ್ವೇಷಿಗಳಲ್ಲ. ಲೋಹಿಯಾ ಅವರು ಯಂತ್ರವೇ ಬೇಡವೆನ್ನಲಿಲ್ಲ. ಸಾಮಾನ್ಯನ ಕೈಗೆ ನಿಲುಕುವ ಸಣ್ಣ ಯಂತ್ರ ಬೇಕೆಂದರು. ನಮ್ಮ ಪ್ರಶ್ನೆ ಇಷ್ಟೇ: ಸಾರ್ವಜನಿಕರ ಹೆಸರಿನಲ್ಲಿ ನಡೆಯುವ ಮೇಳದಲ್ಲಿ ಸಾರ್ವಜನಿಕರ ಪಾಲೇನು?

ಇಂಥ ಮೇಳಗಳ ಚರಿತ್ರೆಯನ್ನು ಗಿರಣಿ ಕಾರ್ಮಿಕರು ತಿಳಿದಿರಬೇಕು. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ಜಗತ್ತಿನ ಮಹಾಪ್ರದರ್ಶನ ನಡೆಯಿತು. 60 ಲಕ್ಷ ಮಂದಿ ನೋಡಿದರು. ನಮ್ಮ ದೇಶದ ನೇಕಾರರ ನಯವಾದ ಬಟ್ಟೆಯೂ ಅಲ್ಲಿತ್ತು. ಹದಿನೈದು ವರ್ಷದ ಬಳಿಕ, 1866ರಲ್ಲಿ, ಫೋರ್ಬ್ಸ್ ವಾಟ್ಸನ್ ಎಂಬ ಅಧಿಕಾರಿ ಭಾರತದ ಬಟ್ಟೆಯ 700 ಮಾದರಿಗಳನ್ನು ಕತ್ತರಿಸಿ 18 ಸಂಪುಟಗಳಲ್ಲಿ ಅಂಟಿಸಿದ. ಅಂಥ 20 ಕಟ್ಟುಗಳಾದವು. 13 ಬ್ರಿಟನ್ನಿನಲ್ಲೇ ಉಳಿದವು. ಭಾರತದ ಜನ ಏನನ್ನು ಉಡುತ್ತಾರೆ, ಏನನ್ನು ಸುತ್ತುತ್ತಾರೆ ಎಂಬುದು ಅಲ್ಲಿಯ ಗಿರಣಿ ಧಣಿಗಳಿಗೆ ತಿಳಿಯಲೆಂದೇ ಈ ಏರ್ಪಾಡು. ನೇಕಾರನ ಜಾಣ್ಮೆ ಪ್ರದರ್ಶನಕ್ಕೆ ಹೋಯಿತು. ಲಾಭ ಮಾತ್ರ ಅವನ ಮಗ್ಗಕ್ಕೆ ಬರಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ಅದು ಪರಕೀಯರ ಕಾಲ ಎನ್ನಬಹುದು. ಹಾಗಾದರೆ ನಮ್ಮವರ ಕಾಲವನ್ನೇ ನೋಡೋಣ. ಗಿರಣಿಯ ಬಾಗಿಲಲ್ಲಿ ತೂಗುವ ಸ್ಥಾಯಿ ಆದೇಶಗಳ ಹಲಗೆ ನಿಮಗೆ ಗೊತ್ತು. ಪಾಳಿ ಎಷ್ಟು ಹೊತ್ತಿಗೆ, ರಜೆ ಹೇಗೆ, ಯಾವ ತಪ್ಪಿಗೆ ಯಾವ ಶಿಕ್ಷೆ ಎಂಬುದನ್ನು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಹಾಕಬೇಕೆಂದು 1946ರ ಕಾಯಿದೆ ವಿಧಿಸಿತು. ಧಣಿಯ ಸಿಟ್ಟೇ ಕಾನೂನಾಗದಂತೆ ತಡೆದ ಹಲಗೆ ಅದು. ಮೇಳದಲ್ಲಿ ಮೆರೆಯುವ ಮಾಹಿತಿ ತಂತ್ರಜ್ಞಾನದ ಕಂಪನಿಗಳಿಗೆ ಕರ್ನಾಟಕ ಸರಕಾರ ಈ ಕಾಯಿದೆಯಿಂದ 2014ರಲ್ಲಿ, 2019ರಲ್ಲಿ, 2024ರಲ್ಲಿ ಐದೈದು ವರ್ಷ ವಿನಾಯಿತಿ ಕೊಟ್ಟಿತು. ಶರತ್ತುಗಳೇನೋ ಇದ್ದವು. ಆದರೆ ನೌಕರರ ಸಂಘ ಕೆಐಟಿಯು ವಿರೋಧಿಸಿದರೂ ವಿನಾಯಿತಿ ನಿಲ್ಲಲಿಲ್ಲ.

‘ಅದು ಕಂಪ್ಯೂಟರಿನವರ ಪಾಡು, ನಮಗೇನು?’ ಎಂದಿರಾ? ಮೇಳ ಮುಗಿದ ಮರುದಿನವೇ, 2025ರ ನವೆಂಬರ್ 21ರಂದು, ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೇಂದ್ರ ಕಾಯಿದೆಯಲ್ಲಿ 100 ಕಾರ್ಮಿಕರಿದ್ದಲ್ಲಿ ಬೇಕಾಗಿದ್ದ ಸ್ಥಾಯಿ ಆದೇಶ, ಹೊಸ ಸಂಹಿತೆಯಲ್ಲಿ 300 ಮಂದಿ ಇದ್ದರೆ ಮಾತ್ರ ಕಡ್ಡಾಯ. ಮೇಳ ರಾಜ್ಯದ್ದು, ಸಂಹಿತೆ ಕೇಂದ್ರದ್ದು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಪಕ್ಷ ಬೇರೆ, ಬಾವುಟ ಬೇರೆ. ಆದರೆ ಬೀಸುವ ಗಾಳಿ ಒಂದೇ. ಮೊದಲು ಗಾಜಿನ ಕಟ್ಟಡದ ಹಲಗೆ ಇಳಿಯಿತು. ಈಗ ಇನ್ನೂರು ಆಳಿನ ಗಿರಣಿಯ ಹಲಗೆಯ ಮೊಳೆ ಸಡಿಲವಾಗಿದೆ.

ಇನ್ನು ವ್ಯಾಪಾರಿ ಮಿತ್ರರ ಮಾತು. 2016ರಲ್ಲಿ ಬಂದ ಯುಪಿಐ ಪಾವತಿಯ ಹೊಗಳಿಕೆಯಿಲ್ಲದೆ ಇಂದು ಯಾವ ತಂತ್ರಜ್ಞಾನ ಮೇಳವೂ ಮುಗಿಯುವುದಿಲ್ಲ. ಬೀದಿಯ ತರಕಾರಿ ಗಾಡಿಯ ಮೇಲಿನ ಚೌಕಳಿ ಚೀಟಿಯೇ ದೇಶದ ಹೆಮ್ಮೆ ಎನ್ನುತ್ತಾರೆ. ಆ ಹೆಮ್ಮೆಯ ಗಾಡಿಗೆ ಆದದ್ದೇನು? 2025ರ ಜುಲೈನಲ್ಲಿ ಅದೇ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟೀಸು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ನಾಲ್ಕು ವರ್ಷ ಕೈದಾಟಿ ಹೋದ ಹಣವನ್ನೆಲ್ಲ ಕೂಡಿದರು. ಅದರಲ್ಲಿ ರೈತನಿಗೆ ಹೋದದ್ದೆಷ್ಟು, ವ್ಯಾಪಾರಿಗೆ ಉಳಿದದ್ದೆಷ್ಟು ಎಂದು ಕೇಳಲಿಲ್ಲ. ಕೂಡುವುದನ್ನು ಕಲಿತು ಕಳೆಯುವುದನ್ನು ಮರೆತ ಲೆಕ್ಕ ಇದು. ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಎದ್ದವು, ವ್ಯಾಪಾರಿಗಳು ಮುಷ್ಕರಕ್ಕೆ ಸಿದ್ಧರಾದರು. ಆಮೇಲೆಯೇ ಮುಖ್ಯಮಂತ್ರಿಗಳ ಭರವಸೆ ಬಂತು. ಭರವಸೆ ತಂದದ್ದು ಯಂತ್ರವಲ್ಲ, ಒಗ್ಗಟ್ಟು.

‘ಮೇಳದಿಂದ ಉದ್ಯೋಗ ಬರುತ್ತದೆ’ ಎಂಬುದು ಎದುರಾಳಿಗಳ ಉತ್ತರ. ಈ ಉದ್ಯಮ ಲಕ್ಷಾಂತರ ಮಕ್ಕಳಿಗೆ ಕೆಲಸ ಕೊಟ್ಟಿದೆ, ಸುಳ್ಳಲ್ಲ. ಆದರೆ ಯಾವ ಮೇಳದ ಯಾವ ಒಪ್ಪಂದದಿಂದ ಯಾವ ಊರಿನಲ್ಲಿ ಎಷ್ಟು ಕೆಲಸ ಹುಟ್ಟಿತು? ಕಿರಾಣಿ ಅಂಗಡಿಯವನಿಗೂ ಖಾತೆ ಪುಸ್ತಕವಿದೆ. ಸರಕಾರದ ಮೇಳಕ್ಕೆ ಬೇಡವೇ?

ನಮ್ಮ ಬೇಡಿಕೆಗಳು ನಾಲ್ಕು:

1. ಪ್ರತಿ ಮೇಳದ ಖರ್ಚನ್ನೂ ಹಿಂದಿನ ಒಪ್ಪಂದಗಳ ಫಲವನ್ನೂ ವಿಧಾನಮಂಡಲದ ಮುಂದಿಡಬೇಕು.

2. ಕಾರ್ಮಿಕ ಸಂಘಗಳಿಗೂ ಸಣ್ಣ ವ್ಯಾಪಾರಿಗಳ ಸಂಘಗಳಿಗೂ ಮೇಳದ ವೇದಿಕೆಯಲ್ಲಿ ಕುರ್ಚಿ ಬೇಕು. ಅಲ್ಲಿ ಕನ್ನಡಕ್ಕೆ ಸ್ವಾಗತಗೀತೆಯ ಆಚೆಗೂ ಜಾಗ ಬೇಕು.

3. ಕಂಪನಿ ದೊಡ್ಡದಿರಲಿ ಚಿಕ್ಕದಿರಲಿ, ಸ್ಥಾಯಿ ಆದೇಶದ ಹಲಗೆ ಬಾಗಿಲಲ್ಲಿ ಇರಬೇಕು.

4. ಮೇಳದ ಒಂದು ದಿನವನ್ನು ದುಡಿಯುವವರಿಗೂ ಅವರ ಮಕ್ಕಳಿಗೂ ಶುಲ್ಕವಿಲ್ಲದೆ ತೆರೆಯಬೇಕು. 1851ರ ಲಂಡನ್ನಿನಲ್ಲೇ ಬಡವರಿಗೆಂದು ಒಂದು ಶಿಲಿಂಗಿನ ದಿನಗಳಿದ್ದವು. ರಾಣಿಯ ರಾಜ್ಯಕ್ಕೆ ಸಾಧ್ಯವಾದದ್ದು ಗಣರಾಜ್ಯಕ್ಕೆ ಅಸಾಧ್ಯವೇ?

ಬಂಧುಗಳೇ, ಈ ನಾಲ್ಕನ್ನು ಗಿರಣಿಯ ಬಾಗಿಲಲ್ಲಿ ಓದಿ ಹೇಳಿ, ಪೇಟೆಯ ಸಂಘದ ಸಭೆಯಲ್ಲಿ ಠರಾವು ಮಾಡಿಸಿ, ನಿಮ್ಮ ಶಾಸಕರ ಕೈಗೆ ಕೊಟ್ಟು ಉತ್ತರ ಕೇಳಿ. ಮುಂದಿನ ಮೇಳದ ಡಂಗುರ ಬಾರಿಸುವ ಮೊದಲೇ ಕೇಳಿ. ತೇರಿನ ಹಗ್ಗ ನಮ್ಮ ಕೈಯಲ್ಲಿದೆ. ಅದು ಯಾವ ಬೀದಿಗೆ ಬರಬೇಕೆಂದು ಹೇಳುವ ಹಕ್ಕೂ ನಮ್ಮದೇ.